ಕಾಲು ನೋಡುತ್ತಿದ್ದ ಖಾಲಿಕ್ ಸಾಹೇಬರು

ಖಾಲಿಕ್ ಸಾಹೇಬರು ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಕಾಲುಗಳನ್ನು. ಮುಖ ಆಮೇಲೆ. ಎದುರಿಗೆ ಬಂದವರು ನಮಸ್ಕಾರ ಎಂದರೂ ಅವರ ದೃಷ್ಟಿ ನೆಲದ ಮೇಲೇ ಇರುತ್ತಿತ್ತು. ಆ ಪಾದಗಳು ಎಲ್ಲಿಂದ ಬಂದವು, ಎಷ್ಟು ಸುತ್ತಿ ಬಂದವು, ಇಲ್ಲಿಂದ ಯಾವ ಕಡೆಗೆ ತಿರುಗುತ್ತವೆ ಎಂದು ನೋಡಿ ಮುಗಿಸಿದ ಮೇಲೆಯೇ ತಲೆಯೆತ್ತಿ, ‘ಏನಮ್ಮ, ಚೆನ್ನಾಗಿದೀಯಾ’ ಎನ್ನುತ್ತಿದ್ದರು. ಮೊದಲ ದಿನ ನನ್ನನ್ನೂ ಹೀಗೆಯೇ ನೋಡಿದರು. ಅವತ್ತು ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಗಿ ಉಣ್ಣೆಯ ದಾರ ಸುತ್ತಿಕೊಂಡಿದ್ದೆ. ಅದನ್ನೇ ನೋಡುತ್ತಿದ್ದಾರೆ ಅಂದುಕೊಂಡು ನನಗೆ ಮೈಯೆಲ್ಲ ಉರಿದುಹೋಯಿತು. ಪರರ ಬಡತನವನ್ನು ಕಣ್ಣಲ್ಲೇ ಅಳೆಯುವ ಮುದುಕರನ್ನು ನಾನು ಆ ಹೊತ್ತಿಗಾಗಲೇ ಬೇಕಾದಷ್ಟು ಕಂಡಿದ್ದೆ.

ಐವತ್ತರ ದಶಕದ ಕೊನೆಯ ಮಾತು ಇದು. ಸಿರಾದಲ್ಲಿ ಹಳೆಯ ಕಣಜದ ಕಟ್ಟಡವೊಂದರಲ್ಲಿ ಕಂಬಳಿ ಉತ್ಪಾದನಾ ಕೇಂದ್ರ ನಡೆಯುತ್ತಿತ್ತು. ನೆಲದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಹನ್ನೆರಡು ಗುಣಿಮಗ್ಗ, ಹನ್ನೆರಡು ಜನ ನೇಕಾರರು, ಜಗಲಿಯಲ್ಲಿ ಕುಳಿತು ಉಣ್ಣೆ ನೂಲುವ ಎಂಟು ಹತ್ತು ಹೆಂಗಸರು. ನಾನು ಅಲ್ಲಿ ನೂಲಿನ ಗುಮಾಸ್ತೆ. ನೂಲು ತೂಗಿ ಕೊಡುವುದು, ನೇಯ್ದು ತಂದ ಕಂಬಳಿಯನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ. ಆ ಕಟ್ಟಡದಲ್ಲಿ ಪೆನ್ನು ಹಿಡಿದ ಹೆಂಗಸು ನಾನೊಬ್ಬಳೇ. ಹಾಗಾಗಿ ಜಂಬ ಇತ್ತು, ಸುಳ್ಳೇಕೆ ಹೇಳಲಿ. ನನ್ನ ರಿಜಿಸ್ಟರಿನಲ್ಲಿ ಒಂದು ಚಿತ್ತು ಇರುತ್ತಿರಲಿಲ್ಲ. ಅದನ್ನು ಕಂಡವರೆಲ್ಲ ಹೊಗಳಿ ಹೊಗಳಿ ನನ್ನನ್ನು ಅಟ್ಟದ ಮೇಲೆ ಕೂರಿಸಿದ್ದರು.

ಆ ವರ್ಷ ತುಮಕೂರಿನಿಂದ ಒಬ್ಬ ಸೂಪರಿಂಟೆಂಡೆಂಟರು ಬಂದರು. ಕೈಗಡಿಯಾರ ನೋಡುತ್ತಾ ಒಂದೊಂದು ಮಗ್ಗದ ಮುಂದೆ ಎರಡೆರಡು ನಿಮಿಷ ನಿಂತರು. ಆಮೇಲೆ ನಮ್ಮ ಮೇಲ್ವಿಚಾರಕರಾದ ಶಾಮಣ್ಣನವರನ್ನು ಕರೆದು, ಇಲ್ಲಿ ಉತ್ಪಾದನೆ ತೀರಾ ಕಡಿಮೆ, ನಿಧಾನ ಮಾಡುವವರನ್ನು ಇಟ್ಟುಕೊಂಡು ಸಾಕಲಾಗುವುದಿಲ್ಲ, ಎಲ್ಲರಿಗಿಂತ ಹಿಂದೆ ಬಿದ್ದ ನಾಲ್ವರ ಪಟ್ಟಿ ಮಾಡಿಡಿ, ಮುಂದಿನ ತಿಂಗಳು ನಾನೇ ಬಂದು ಅವರನ್ನು ತೆಗೆಯುತ್ತೇನೆ ಎಂದು ಹೇಳಿ ಹೋದರು.

ಪಟ್ಟಿ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಶಾಮಣ್ಣನವರು ಹೂವಿನಂಥ ಮನುಷ್ಯ, ಇರುವೆ ತುಳಿದರೂ ಕಾಲು ಹಿಂದೆಗೆಯುವವರು. ಅವರ ಕೈಲಿ ಅದು ಆಗುತ್ತಿರಲಿಲ್ಲ. ನಾನು ರಿಜಿಸ್ಟರು ತೆರೆದು ಮೂರು ತಿಂಗಳ ಲೆಕ್ಕ ಕೂಡಿದೆ. ಎಲ್ಲರಿಗಿಂತ ಕೆಳಗೆ ಬಂದವನು ಈರಜ್ಜ. ಬೇರೆಯವರು ನಾಲ್ಕು ಕಂಬಳಿ ಇಳಿಸುವಷ್ಟರಲ್ಲಿ ಅವನದು ಎರಡು. ಅರವತ್ತು ದಾಟಿದ ಜೀವ. ಮಗ ತೀರಿಕೊಂಡಿದ್ದ. ಸೊಸೆ, ಇಬ್ಬರು ಮೊಮ್ಮಕ್ಕಳು ಇವನ ಮಗ್ಗವನ್ನೇ ನಂಬಿಕೊಂಡಿದ್ದರು. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಲೆಕ್ಕ ಲೆಕ್ಕವೇ ಎಂದು ಗಟ್ಟಿ ಮನಸ್ಸು ಮಾಡಿ ಮೊದಲ ಹೆಸರು ಅವನದೇ ಬರೆದೆ, ದುಂಡಗೆ. ಆವತ್ತು ಮನೆಗೆ ಹೋದವಳಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಶಾಮಣ್ಣನವರು ಪಟ್ಟಿಯನ್ನು ನೋಡಿದರು, ಮಡಿಸಿ ಮೇಜಿನ ಖಾನೆಯಲ್ಲಿಟ್ಟರು. ‘ಒಂದ್ಸಲ ಖಾಲಿಕ್ ಸಾಹೇಬ್ರನ್ನ ಕರ್ಸಿ ಇಲ್ಲಿ ಕೆಲ್ಸ ತೋರ್ಸಣ ಕಣಮ್ಮ’ ಅಂದರು. ಖಾಲಿಕ್ ಸಾಹೇಬರು ಸಿರಾದವರೇ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಅಲ್ಲಿ ಅವರ ಕೆಲಸವೇ ಬೇರೆಯವರ ಕೆಲಸ ನೋಡುವುದಂತೆ. ಯಾರು ಎಷ್ಟು ಸಲ ಬಗ್ಗುತ್ತಾರೆ, ಯಾವ ಸಾಮಾನು ಎಲ್ಲಿಟ್ಟರೆ ಕೈಗೆ ಬೇಗ ಸಿಗುತ್ತದೆ ಎಂದು ನೋಡಿ ಬರೆಯುವುದಕ್ಕೆ ಸಂಬಳ ಕೊಡುತ್ತಿದ್ದರು ಎಂದು ಕೇಳಿ ನಮ್ಮ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅಂಥ ಕೆಲಸ ನಮ್ಮ ಅತ್ತೆಯೂ ಮಾಡುತ್ತಾಳೆ, ಅವಳಿಗೆ ಯಾರೂ ಸಂಬಳ ಕೊಡಲಿಲ್ಲ ಎಂದಳು ಒಬ್ಬಳು.

ಸಾಹೇಬರು ಬಂದರು. ಉದ್ದನೆಯ ಬಿಳಿ ಅಂಗಿ, ಎರಡು ಕಡೆಯೂ ದೊಡ್ಡ ಜೇಬು, ತಲೆಗೊಂದು ಟೋಪಿ. ಬಂದವರು ಬಾಗಿಲ ಪಕ್ಕ ಒಂದು ಗೋಣಿಚೀಲ ಹಾಸಿಕೊಂಡು ಕೂತರು. ಮಾತಿಲ್ಲ ಕತೆಯಿಲ್ಲ. ನೂಲಿಗೆ ಹಚ್ಚುವ ಗಂಜಿ ಕಾಯಿಸಲು ಒಡೆದು ಹಾಕಿದ್ದ ಹುಣಿಸೇಬೀಜದ ರಾಶಿಯ ಪಕ್ಕದಿಂದ ಇಡೀ ಬೀಜ ಒಂದು ಬೊಗಸೆ ಆರಿಸಿಕೊಂಡು ಎಡಜೇಬಿಗೆ ಹಾಕಿಕೊಂಡರು. ಯಾರಾದರೂ ಮಗ್ಗದ ಗುಣಿಯಿಂದ ಎದ್ದರೆ ಒಂದು ಬೀಜ ಎಡಜೇಬಿನಿಂದ ಬಲಜೇಬಿಗೆ ಹೋಗುತ್ತಿತ್ತು, ಕೆಲವಕ್ಕೆ ಸೀಮೆಸುಣ್ಣದ ಗೀಟು ಬೀಳುತ್ತಿತ್ತು. ಇಡೀ ದಿನ ಇದೇ. ಮಾರನೆಯ ದಿನವೂ ಇದೇ. ನೇಕಾರರಿಗೆ ಕಸಿವಿಸಿಯಾಯಿತು. ನಮ್ಮನ್ನು ಕಳಿಸುವುದಕ್ಕೇ ಈ ಸಾಬರನ್ನು ಕೂರಿಸಿದ್ದಾರೆ ಎಂಬ ಗುಸುಗುಸು ಜಗಲಿಯ ತನಕ ಬಂತು. ಮೂರನೆಯ ದಿನ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ.

‘ಸಾಹೇಬ್ರೆ, ನೀವು ಗಡಿಯಾರ ತಂದಿಲ್ವಾ? ಆ ಆಫೀಸರ್ರು ಗಡಿಯಾರ ಹಿಡ್ಕಂಡೇ ನೋಡಿದ್ರು.’

‘ಗಡಿಯಾರ ಹಿಡ್ಕಂಡು ನಿಂತ್ರೆ ಮನುಷ್ಯ ಹೆದ್ರಿಕೊಂಡು ಕೆಲ್ಸ ಮಾಡ್ತಾನೆ ಬೇಟಿ. ಆಗ ಗೊತ್ತಾಗೋದು ಅವ್ನ ಹೆದ್ರಿಕೆ, ಅವ್ನ ಕೆಲ್ಸ ಅಲ್ಲ.’

‘ಮತ್ತೆ ಕಾಲು ಯಾಕೆ ನೋಡ್ತೀರಾ? ನೇಯೋದು ಕೈಯಲ್ವಾ?’

‘ಕೈ ಜಾಣ. ಅದು ಸುಮ್ನಿರಲ್ಲ, ಏನೋ ಮಾಡ್ತಾನೇ ಇರ್ತದೆ. ಪಾಪ, ಕಾಲಿಗೆ ಅಂಗೆ ಬರಲ್ಲ. ಕೆಲ್ಸ ಎಲ್ಲಿ ನಿಂತು ಹೋಗೈತೋ ಅಲ್ಲಿಂದ ಅದು ಎದ್ದು ಹೊಂಟ್ಬುಡ್ತದೆ.’

ಹೇಳಿ, ಬಲಜೇಬಿನ ಬೀಜಗಳನ್ನು ನನ್ನ ಮುಂದೆ ಸುರಿದರು. ಗೀಟಿಲ್ಲದ್ದು, ಗೀಟಿದ್ದದ್ದು ಎಂದು ಎರಡು ಗುಡ್ಡೆ ಮಾಡಿದರು. ದೊಡ್ಡ ಗುಡ್ಡೆ ತೋರಿಸಿ, ‘ಇಷ್ಟು ಸಲ ಜನ ನಿನ್ನ ಹತ್ರ ಬಂದವ್ರೆ. ನೂಲು ಬೇಕು ಅಂತ. ನೀನು ಮೂಲೇಲಿ ಕುಂತಿದೀಯ. ಮಗ್ಗ ಎಲ್ಲ ಆ ಕಡೆ. ಬಂದೋನು ಹೋಗೋ ತನಕ ಮಗ್ಗ ಖಾಲಿ’ ಅಂದರು. ನನ್ನ ನೂಲಿನ ಪೆಟ್ಟಿಗೆಯನ್ನು ಹಜಾರದ ನಡುವೆ ತಂದಿಡಬೇಕಂತೆ, ಬೆಳಗ್ಗೆಯೇ ಒಂದು ದಿನದ ನೂಲು ತೂಗಿ ಪ್ರತಿ ಗುಣಿಯ ಪಕ್ಕ ಬುಟ್ಟಿಯಲ್ಲಿಡಬೇಕಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಮೂಲೆಯಲ್ಲಿ ಕಿಟಕಿಯಿತ್ತು, ಗಾಳಿ ಬರುತ್ತಿತ್ತು, ಮೇಲಾಗಿ ಗಂಡಸರು ಒಬ್ಬೊಬ್ಬರಾಗಿ ಬಂದು ‘ನೂಲು ಕೊಡಮ್ಮ’ ಎಂದು ನನ್ನ ಮುಂದೆ ನಿಲ್ಲುವುದು ನನಗೆ ಒಳಗೊಳಗೇ ಬಹಳ ಇಷ್ಟವಾಗಿತ್ತು. ಈ ಕೊನೆಯ ಕಾರಣವನ್ನು ನಾನು ಯಾರಿಗೂ ಹೇಳಲಿಲ್ಲ. ಪೆಟ್ಟಿಗೆ ಮುಟ್ಟಿದರೆ ನೋಡಿ ಎಂದು ಜಗಳ ತೆಗೆದೆ. ಸಾಹೇಬರು ಮಾತಿಗೆ ಮಾತು ಬೆಳೆಸಲಿಲ್ಲ. ‘ಆಯ್ತು ಬೇಟಿ, ಎಂಟು ದಿನ ನೋಡು. ಆಗ್ಲಿಲ್ಲ ಅಂದ್ರೆ ನಾನೇ ಹೊತ್ಕಂಡ್ ಬಂದು ಮೂಲೇಲಿ ಇಡ್ತೀನಿ’ ಎಂದರು. ಎಂಟು ದಿನದಲ್ಲಿ ಪ್ರತಿ ಮಗ್ಗಕ್ಕೂ ಎಷ್ಟು ಹೊತ್ತು ಉಳಿಯಿತು ಎಂಬುದು ನನಗೇ ಕಂಡಿತು. ಪೆಟ್ಟಿಗೆ ನಡುವೆಯೇ ಉಳಿಯಿತು. ನಾನು ಸೋತೆನೆಂದು ಮಾತ್ರ ಒಪ್ಪಿಕೊಳ್ಳಲಿಲ್ಲ.

ಮನೆಯಲ್ಲಿ ಅವರ ಈ ವಿದ್ಯೆ ನಡೆಯುತ್ತಿರಲಿಲ್ಲ ಎಂಬುದು ನನಗೆ ಸಮಾಧಾನ ಕೊಟ್ಟ ಸಂಗತಿ. ಒಮ್ಮೆ ಅವರ ಬೀಬಿ ಊರಿಗೆ ಹೋದಾಗ ಸಾಹೇಬರು ಅಡುಗೆಮನೆಯ ಡಬ್ಬಗಳನ್ನೆಲ್ಲ ಒಲೆಯ ಬಲಗಡೆಗೆ ಜೋಡಿಸಿ ಖುಷಿಪಟ್ಟಿದ್ದರಂತೆ. ಆಕೆ ಎಡಗೈಯಲ್ಲಿ ಕೆಲಸ ಮಾಡುವವರು, ಬಂದು ನೋಡಿ ಒಲೆಯನ್ನೇ ಹಚ್ಚಲಿಲ್ಲ. ನಲವತ್ತು ವರ್ಷ ಅವರ ಕೈಯ ಅಡುಗೆ ತಿಂದರೂ ಈ ಕಾಲು ನೋಡುವ ಮನುಷ್ಯನಿಗೆ ಅದು ಗೊತ್ತೇ ಇರಲಿಲ್ಲ. ‘ಮೂರು ದಿನ ಬರೀ ಚಾಯ್ ಮೇಲೆ ಇದ್ದೆ’ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಆದರೆ ನನಗೆ ನೆನಪಿರುವುದು ಆ ಇನ್ನೊಂದು ಗುಡ್ಡೆ. ನೂಲಿನ ಗುಡ್ಡೆಗಿಂತ ಚಿಕ್ಕದು. ಅದನ್ನು ತೋರಿಸಿ ಸಾಹೇಬರು ಶಾಮಣ್ಣನವರನ್ನೂ ಕರೆದು ಕೂರಿಸಿಕೊಂಡು, ‘ಇದು ಒಬ್ನೇ ಮನುಷ್ಯಂದು. ಈರಜ್ಜಂದು’ ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳ ಒಂದು ಹಾಸು ನೇಯ್ದು ಮುಗಿದ ಮೇಲೆ ಹೊಸ ಹಾಸು ಏರಿಸುತ್ತಾರೆ. ಹಳೆಯ ಹಾಸಿನ ತುದಿಗಳನ್ನು ಹಾಗೇ ಬಿಟ್ಟು, ಅವಕ್ಕೆ ಹೊಸ ಎಳೆಗಳನ್ನು ಒಂದೊಂದಾಗಿ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸಬೇಕು. ನೂರಾರು ಎಳೆ. ಅರ್ಧ ದಿನದ ಕೆಲಸ. ನಮ್ಮ ನೇಕಾರರಲ್ಲಿ ತನ್ನ ಹಾಸಿನ ಎಳೆಯನ್ನು ತಾನೇ ಕೂಡುವ ಪದ್ಧತಿ ಇರಲಿಲ್ಲ. ತನಗಿಂತ ಹಿರಿಯ ಕೈ ಕೂಡಬೇಕು. ಕೇಂದ್ರದಲ್ಲಿ ಎಲ್ಲರಿಗಿಂತ ಹಿರಿಯ ಈರಜ್ಜ. ಹಾಗಾಗಿ ಹನ್ನೊಂದು ಮಗ್ಗದವರೂ ‘ಅಜ್ಜ, ಬಾ’ ಅಂತ ಕೂಗುತ್ತಿದ್ದರು. ಅವನು ತನ್ನ ಲಾಳಿ ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಇನ್ನು ಅವನ ಹಾಸು? ಅವನಿಗಿಂತ ಹಿರಿಯರು ಇಲ್ಲಿ ಇಲ್ಲ. ತಾವರೆಕೆರೆಯಿಂದ ಅವನ ಭಾವ ಸಂತೆಯ ದಿನ ಬಂದು ಕೂಡಿಕೊಡಬೇಕು. ಭಾವ ಬರದಿದ್ದರೆ ಮುಂದಿನ ಸಂತೆಯ ತನಕ ಈರಜ್ಜನ ಮಗ್ಗ ಖಾಲಿ.

ಇದು ನಮಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ನಾನೇ ದಿನಾ ಕಣ್ಣಾರೆ ನೋಡುತ್ತಿದ್ದೆ. ಆದರೆ ನನ್ನ ರಿಜಿಸ್ಟರಿನಲ್ಲಿ ಮುಗಿದ ಕಂಬಳಿಗೆ ಒಂದು ಕಲಂ ಇತ್ತು, ಇನ್ನೊಬ್ಬರ ಮಗ್ಗಕ್ಕೆ ಎದ್ದು ಹೋದದ್ದಕ್ಕೆ ಇರಲಿಲ್ಲ. ಹಾಗಾಗಿ ಕಣ್ಣಿಗೆ ಕಂಡದ್ದು ಲೆಕ್ಕಕ್ಕೆ ಬರಲೇ ಇಲ್ಲ. ಚಿತ್ತಿಲ್ಲದ ರಿಜಿಸ್ಟರು ಅಂತ ಮೆರೆದೆನಲ್ಲ, ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವ ಹಾಗಾಯಿತು.

ಶಾಮಣ್ಣನವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಸಾಹೇಬರು ಈರಜ್ಜನ ಹತ್ತಿರ ಹೋಗಿ, ‘ಅಜ್ಜ, ಎರಡು ದಿನ ಯಾರು ಕೂಗಿದ್ರೂ ನೀನು ಏಳ್ಬ್ಯಾಡ. ನಿನ್ನ ಕಂಬಳಿ ನೀನು ನೇಯ್ಕೊ’ ಅಂದರು.

‘ಅದೆಂಗಾಯ್ತದೆ ಸಾಬ್ರೆ. ಹುಡುಗ್ರು ಕೂಗ್ತವೆ.’

‘ಕೂಗ್ಲಿ. ಎರಡೇ ದಿನ.’

ಮೊದಲ ದಿನ ಮಧ್ಯಾಹ್ನಕ್ಕೆ ಒಂದು ಮಗ್ಗ ನಿಂತಿತು. ಸಂಜೆಗೆ ಇನ್ನೊಂದು. ಮಾರನೆಯ ದಿನ ಊಟದ ಹೊತ್ತಿಗೆ ನಾಲ್ಕು ಮಗ್ಗಗಳು ನಿಂತು, ಜನ ಬೀಡಿ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದರು. ಹನ್ನೆರಡರಲ್ಲಿ ಎಲ್ಲರಿಗಿಂತ ಬಿರುಸಾಗಿ ಲಾಳಿ ಓಡುತ್ತಿದ್ದುದು ಈರಜ್ಜನ ಗುಣಿಯಲ್ಲಿ. ಆದರೆ ಅವನ ಮುಖ ನೋಡಲಾಗುತ್ತಿರಲಿಲ್ಲ. ನೆರೆಮನೆಯ ಮಗು ಅಳುತ್ತಿದ್ದರೂ ಎತ್ತಿಕೊಳ್ಳದೆ ಕೂತವನಂತೆ ಒದ್ದಾಡುತ್ತಿದ್ದ. ಶಾಮಣ್ಣನವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಆಮೇಲಿನದು ಹೊಸ ಏರ್ಪಾಡು. ಎಳೆ ಕೂಡುವುದನ್ನು ಮಗ್ಗದಲ್ಲೇ ಒಬ್ಬರೇ ಮಾಡುವ ಬದಲು ಎರಡು ಕಡೆಯಿಂದ ಇಬ್ಬಿಬ್ಬರು ಕೂತು ಮಾಡಬೇಕು. ಬೆರಳು ಚುರುಕಾಗಿರುವ ನೂಲುವ ಹೆಂಗಸರೇ ಕೂರಲಿ ಎಂದರು ಸಾಹೇಬರು. ಗಂಡಸರು ಹುಬ್ಬು ಗಂಟಿಕ್ಕಿದರು. ಹೆಂಗಸರ ಕೈ ಹಾಸಿನ ಎಳೆ ಮುಟ್ಟುವುದೆಂದರೇನು, ಹಿರಿಯ ಕೈ ಎಂಬುದಕ್ಕೆ ಅರ್ಥ ಬೇಡವೇ? ಸಾಹೇಬರು ವಾದ ಮಾಡಲಿಲ್ಲ. ಈರಜ್ಜನ ಕಡೆ ತಿರುಗಿ, ‘ಪದ್ಧತಿ ನಿಮ್ದು. ನೀನೇ ಹೇಳ್ಬೇಕು’ ಅಂದರು.

ಈರಜ್ಜ ಹೊರಗೆದ್ದು ಹೋದ. ಎಲೆಯಡಿಕೆ ಉಗಿದು ಬಂದ. ‘ಮೊದ್ಲನೇ ಎಳೆ ನಾನು ಕೂಡ್ತೀನಿ. ನಮ್ಮಪ್ಪನೂ ಮೊದ್ಲನೇದಕ್ಕೇ ದೇವ್ರನ್ನ ನೆನೀತಿದ್ದ, ಮಿಕ್ಕಿದ್ದಕ್ಕೆಲ್ಲ ಬರೀ ಆಕಳಿಸ್ತಿದ್ದ. ಮಿಕ್ಕಿದ್ದು ಯಾರಾದ್ರೂ ಕೂಡ್ಲಿ ಬುಡ್ರಲಾ’ ಎಂದ. ಹಿರಿಯ ಕೈಯೇ ಹಾಗೆಂದ ಮೇಲೆ ಎದುರಾಡುವ ಬಾಯಿ ಯಾವುದು? ಅರ್ಧ ದಿನದ ಕೆಲಸ ಎರಡು ಗಂಟೆಗೆ ಇಳಿಯಿತು.

ಉಳಿದದ್ದು ಈರಜ್ಜನ ಸ್ವಂತ ಹಾಸು. ಭಾವ ಆ ಸಂತೆಗೆ ಬರಲಿಲ್ಲ, ಆಫೀಸರು ಬರುವುದಕ್ಕೆ ಹದಿನೈದು ದಿನ ಉಳಿದಿತ್ತು. ನಾನು ದಿನ ಎಣಿಸುತ್ತಿದ್ದೆ, ಯಾಕೆಂದರೆ ಖಾನೆಯಲ್ಲಿದ್ದ ಕಾಗದದಲ್ಲಿ ಯಾರ ಹೆಸರಿದೆ ಎಂದು ಗೊತ್ತಿದ್ದವರು ಶಾಮಣ್ಣನವರು ಮತ್ತು ನಾನು, ಇಬ್ಬರೇ. ಸಾಹೇಬರು ಕೇಳಿದರು:

‘ನಿನಗಿಂತ ಹಿರಿಯ ಇಲ್ಲಿ ಯಾರೂ ಇಲ್ವಾ ಅಜ್ಜ?’

ಈರಜ್ಜ ಅವರನ್ನು ಮೇಲಿಂದ ಕೆಳಗೆ ನೋಡಿದ. ‘ನೀವು ಹುಟ್ಟಿದ್ದು ಯಾವಾಗ ಸಾಬ್ರೆ?’

‘ನಮ್ಮ ಅಮ್ಮಿ ಹೇಳ್ತಿದ್ರು, ಪ್ಲೇಗಿಗೆ ಊರು ಬಿಟ್ಟು ಗುಡ್ಲು ಹಾಕ್ಕಂಡಿದ್ದಾಗ ನಾನು ಅಂಬೆಗಾಲು ಇಡ್ತಿದ್ದೆ ಅಂತ.’

‘ನಾನು ಆ ಗುಡ್ಲಾಗೇ ಹುಟ್ಟಿದ್ದು’ ಎಂದ ಈರಜ್ಜ. ‘ಅಂಗಾರೆ ನೀವೇ ಹಿರೀಕ್ರು. ಬನ್ನಿ, ಕೂಡಿ.’

ಎಲ್ಲರೂ ಕೈಕೆಲಸ ಬಿಟ್ಟು ತಿರುಗಿ ನೋಡಿದರು. ಸಾಹೇಬರಿಗೇ ಗಾಬರಿ. ‘ಅರೆ, ನಾನ್ ಸಾಬ ಕಣಯ್ಯ’ ಅಂದರು. ಈರಜ್ಜ ಆಗಲೇ ಬೂದಿಯ ಬಟ್ಟಲನ್ನು ಅವರ ಮುಂದೆ ಚಾಚಿದ್ದ. ‘ಹಿರೀಕೈ ಅಂದವ್ರೆ ನಮ್ಮೋರು. ಯಾರ ಕೈ ಅಂದಿಲ್ಲ’ ಎಂದ. ಇಪ್ಪತ್ತು ವರ್ಷ ಇನ್ನೊಬ್ಬರ ಕೆಲಸವನ್ನು ತಿದ್ದಿದ ಆ ಮನುಷ್ಯನಿಗೆ ಒಂದು ಉಣ್ಣೆಯ ಎಳೆ ಹೊಸೆಯಲು ಬರಲಿಲ್ಲ. ಮೂರು ಸಲ ಬಿಚ್ಚಿಕೊಂಡಿತು. ಹೆಂಗಸರು ನಕ್ಕರು, ಅವರೂ ನಕ್ಕರು. ನಾಲ್ಕನೆಯ ಸಲ ನಿಂತಿತು. ಮಿಕ್ಕ ಎಳೆಗಳನ್ನು ಹೆಂಗಸರು ಕೂಡಿದರು, ಸಂಜೆಯೊಳಗೆ ಈರಜ್ಜನ ಮಗ್ಗ ಓಡುತ್ತಿತ್ತು.

ಆಫೀಸರು ಹೇಳಿದ ದಿನವೇ ಬಂದರು. ಕೂತವರೇ, ‘ಪಟ್ಟಿ ಎಲ್ಲಿ?’ ಅಂದರು. ಶಾಮಣ್ಣನವರು ಬೆವರು ಒರೆಸಿಕೊಳ್ಳುತ್ತಾ ಖಾನೆಗೆ ಕೈ ಹಾಕಿದರು. ನಾನು ಅವರಿಗಿಂತ ಮುಂಚೆ ರಿಜಿಸ್ಟರನ್ನು ಮೇಜಿನ ಮೇಲಿಟ್ಟು, ‘ಮೊದ್ಲು ಇದನ್ನ ನೋಡಿ ಸಾರ್’ ಅಂದೆ.  ಅವರು ಆ ತಿಂಗಳ ಹಾಳೆ ತಿರುವಿದರು. ಹನ್ನೆರಡು ಹೆಸರಿನ ಮುಂದೆಯೂ ಕಂಬಳಿ ಏರಿತ್ತು. ಈರಜ್ಜನದು ಮೂರನೆಯ ಸ್ಥಾನ. ಹಿಂದಿನ ತಿಂಗಳ ಹಾಳೆಗೆ ಹೋದರು, ಮತ್ತೆ ಮುಂದಕ್ಕೆ ಬಂದರು, ಎದ್ದು ಹೋಗಿ ಈರಜ್ಜನ ಗುಣಿಯ ಮುಂದೆ ನಿಂತರು. ಅವನು ತಲೆ ಎತ್ತಲಿಲ್ಲ, ಲಾಳಿ ನಿಲ್ಲಿಸಲಿಲ್ಲ. 

‘ಇದೇ ಮನುಷ್ಯನದು ಹೋದ ತಿಂಗಳು ಎಲ್ಲರಿಗಿಂತ ಕಡಿಮೆ ಅಂತ ಬರೆದವರು ಯಾರು?’

‘ನಾನೇ ಸಾರ್. ಪೂರ್ತಿ ಬರೆದಿರಲಿಲ್ಲ. ಅವನು ಬೇರೆಯವರಿಗೆ ಮಾಡಿದ್ದನ್ನ ಬರೆಯೋಕೆ ನನ್ನ ಹತ್ರ ಕಲಂ ಇರಲಿಲ್ಲ.’

ಎಲ್ಲರೆದುರಿಗೆ ನನಗೆ ಮಂಗಳಾರತಿಯಾಯಿತು. ಅರ್ಧ ಲೆಕ್ಕ ಬರೆಯುವ ಗುಮಾಸ್ತೆಯಿಂದ ಇಲಾಖೆಗೆ ಎಂಥ ನಷ್ಟ ಎಂದು ಒಂದು ಗಳಿಗೆ ಬೈದರು. ಬೈಗುಳ ಅಷ್ಟು ಸಿಹಿಯಾಗಿರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು. ಕೊನೆಗೆ, ‘ಪಟ್ಟಿ ಬೇಡ. ಹೀಗೇ ನಡೀಲಿ’ ಎಂದು ಹೇಳಿ ಜೀಪು ಹತ್ತಿದರು. ಜೀಪಿನ ಸದ್ದು ಕೇಳದಾದ ಮೇಲೆ ನಾನು ಖಾನೆಯಿಂದ ಆ ಕಾಗದ ತೆಗೆದು ಹಿತ್ತಿಲಿಗೆ ಹೋಗಿ ಗಂಜಿಯ ಒಲೆಗೆ ಹಾಕಿದೆ. ಹಾಕಿ, ಅಲ್ಲೇ ಕಲ್ಲಿನ ಮೇಲೆ ಕೂತು ಹೊಟ್ಟೆ ತುಂಬ ಅತ್ತೆ.  ಆವತ್ತು ಸಂಜೆ ಎರಡು ಮುದ್ದೆ ಉಂಡೆ.

ಸಾಹೇಬರು ಆಮೇಲೆ ಏಳೆಂಟು ವರ್ಷ ಸಿರಾದಲ್ಲಿದ್ದರು. ಕೊರಟಗೆರೆಯ ಎಣ್ಣೆಮಿಲ್ಲಿನವರು ಕರೆದರು, ಮಧುಗಿರಿಯಲ್ಲಿ ಹಂಚಿನ ಗೂಡಿನವರು ಕರೆದರು. ಎಲ್ಲ ಕಡೆಯೂ ಮೊದಲು ಒಂದು ಷರತ್ತು ಹಾಕುತ್ತಿದ್ದರಂತೆ, ‘ಕೆಲ್ಸ ಕಡಿಮೆ ಮಾಡ್ಕೊಡ್ತೀನಿ, ಜನ ಕಡಿಮೆ ಮಾಡಲ್ಲ’ ಎಂದು. ಒಪ್ಪದವರ ಮನೆಯಲ್ಲಿ ಚಹಾ ಕೂಡ ಕುಡಿಯುತ್ತಿರಲಿಲ್ಲ. ಬೀಬಿ ತೀರಿಕೊಂಡ ಮೇಲೆ ಪಾವಗಡದಲ್ಲಿದ್ದ ಮಗಳು ಬಂದು, ಇಲ್ಲಿ ಒಬ್ಬರೇ ಇರುವುದು ಬೇಡ ಎಂದು ಹಟ ಹಿಡಿದಳು. ಸಾಹೇಬರು ಒಪ್ಪಿದರು.

ಹೊರಟ ದಿನ ಬಸ್‌ಸ್ಟ್ಯಾಂಡಿಗೆ ನಾನು ಹೋಗಿದ್ದೆ, ಈರಜ್ಜನೂ ಬಂದಿದ್ದ. ಬೇಡವೆಂದರೂ ಕೇಳದೆ ಸಾಹೇಬರ ತಗಡಿನ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿನ ಹಿಂದಿನ ಏಣಿಯ ಹತ್ತಿರ ಕಂಡಕ್ಟರನ ಜೊತೆ ವಾಗ್ವಾದಕ್ಕೆ ನಿಂತಿದ್ದ. ಸಾಹೇಬರು ಬೆಂಚಿನ ಮೇಲೆ ಕೂತಿದ್ದರು. ಇನ್ನು ಯಾವಾಗ ಕಾಣುತ್ತಾರೋ ಎಂದು ನನಗೆ ಅನ್ನಿಸಿತು. ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ.

‘ಸಾಹೇಬ್ರೆ, ಆವಾಗ ನಾಲ್ಕು ಜನರ ಪಟ್ಟಿ ಮಾಡಿದ್ದೆ. ಮೊದಲನೇ ಹೆಸರು ಈರಜ್ಜಂದೇ ಬರೆದಿದ್ದೆ. ಅವನಿಗೆ ಇವತ್ತಿಗೂ ಗೊತ್ತಿಲ್ಲ.’

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

‘ನಾನೂ ಬರ್ದಿದ್ದೆ ಬೇಟಿ. ಬೆಂಗ್ಳೂರ್ನಾಗೆ. ಎಲ್ರಿಗಿಂತ ಹಿಂದೆ ಒಬ್ಬ ಬೀಳ್ತಿದ್ದ. ಸುಬ್ಬಣ್ಣ ಅಂತ. ಗಡಿಯಾರ ಹಿಡ್ಕಂಡು ಹದಿನೈದು ದಿನ ನೋಡ್ದೆ, ಬರ್ದೆ, ಕೊಟ್ಟೆ. ಅವ್ನು ಹೋದ್ಮೇಲೆ ಎಲ್ರ ಉಳಿನೂ ಮೊಂಡಾಗ್ಬುಟ್ವು. ಇಡೀ ಶೆಡ್ಡಿಗೆ ಉಳಿ ಸಾಣೆ ಹಿಡೀತಿದ್ದೋನು ಅವ್ನೇ. ಯಾರೂ ಹೇಳಿರ್ಲಿಲ್ಲ ಅವ್ನಿಗೆ. ಅವ್ನೇ ಎದ್ದೆದ್ದು ಹೋಗಿ ಹಿಡ್ಕೊಡ್ತಿದ್ದ.’

‘ಆಮೇಲೆ ವಾಪಸ್ ಕರೀಲಿಲ್ವಾ?’

‘ಕರ್ಯಾಕೆ ಹೋದೆ. ಮನೆ ಖಾಲಿ ಮಾಡ್ಕಂಡ್ ಹೋಗಿದ್ರು. ಎಲ್ಲೆಲ್ಲೋ ಕೇಳ್ದೆ, ಎರಡು ವರ್ಷ.’

ಅಷ್ಟರಲ್ಲಿ ಟ್ರಂಕು ಬಸ್ಸಿನ ಮೇಲೆ ಹೋಗಿತ್ತು. ಈರಜ್ಜ ಏಣಿಯಿಂದ ಇಳಿದು, ಪಂಚೆಯ ತುದಿಯಲ್ಲಿ ಕತ್ತು ಒರೆಸಿಕೊಂಡು, ಕಂಡಕ್ಟರನನ್ನು ಬೈಯುತ್ತಾ ನಮ್ಮ ಕಡೆಗೇ ಬರುತ್ತಿದ್ದ. ಕಿಟಕಿ ಪಕ್ಕದ ಸೀಟು ಹಿಡಿದಿದ್ದೇನೆ, ಬೇಗ ಬನ್ನಿ ಎಂದು ದೂರದಿಂದಲೇ ಕೈ ಮಾಡಿದ. ಸಾಹೇಬರು ಎದ್ದು ನಿಂತು ನನ್ನ ತಲೆಯ ಮೇಲೆ ಕೈಯಿಟ್ಟರು.

‘ನೀನ್ ಬರ್ದಿದ್ದೋನು ಅಗೋ, ಬೈಕಂಡು ಬರ್ತಾ ಅವ್ನೆ. ನಾನ್ ಬರ್ದಿದ್ದೋನು ಎಲ್ಲವ್ನೋ, ಗೊತ್ತಿಲ್ಲ. ಇನ್ಮೇಲಾದ್ರೂ ನೆಮ್ದಿಯಾಗಿ ಮಲೀಕೊ ಬೇಟಿ’ ಎಂದು ಹೇಳಿ ಬಸ್ಸು ಹತ್ತಿದರು.